ಒಂದು ಅತ್ತಿಗೆ ಹತ್ತು ಗಿಡ ಸಮ ಅಲ್ಲ

ಕ್ಯಾಂಪಸ್ಸಿನಲ್ಲಿ ಮರ ಕಡಿಯೋ ಮಾತು ಬಂದಾಗಲೆಲ್ಲ ಒಂದು ಸಮಾಧಾನ ರೆಡಿ ಇರುತ್ತೆ: ಒಂದು ಕಡಿದರೆ ಹತ್ತು ನೆಡ್ತೀವಿ. ಪಾರ್ಕಿಂಗ್ ದೊಡ್ಡದು ಮಾಡೋಕೆ ಹಾಸ್ಟೆಲ್ ಪಕ್ಕದ ಅತ್ತಿ ಮರ ತೆಗೀತಾರಂತೆ ಅನ್ನೋ ಸುದ್ದಿಯ ಜೊತೆಗೂ ಇದೇ ಮಾತು ಓಡಾಡ್ತಿದೆ. ಪಾರ್ಕಿಂಗ್ ಬೇಕು, ಸುಳ್ಳಲ್ಲ. ಗಾಡಿ ನಿಲ್ಲಿಸೋಕೆ ದಿನಾ ಪರದಾಡೋರು ನಾವೇ. ಆದರೆ ಈ ಲೆಕ್ಕ ಬರೀ ನೋಡ್‌ಗಳನ್ನು ಎಣಿಸುತ್ತೆ, ಲಿಂಕ್‌ಗಳನ್ನು ಎಣಿಸಲ್ಲ. ಗ್ರಾಫ್ ಥಿಯರಿ ಓದಿದ ನಾವೂ ಇದನ್ನು ಒಪ್ಪಿಕೊಂಡರೆ ಹೇಗೆ?

ಅತ್ತಿಹಣ್ಣು ಬಿಡಿಸಿದ್ರೆ ಬರೀ ಹುಳ ಅಂತ ಮನೆಯಲ್ಲಿ ಹೇಳೋದನ್ನು ಎಲ್ಲರೂ ಕೇಳಿದ್ದೇವೆ. ನೆಟ್‌ವರ್ಕ್ ಶುರುವಾಗೋದೇ ಆ ಹುಳದಿಂದ. ಅತ್ತಿಯ ಹೂಗಳು ಕಾಯಿಯ ಒಳಗೇ ಅಡಗಿರುತ್ತವೆ. ಒಂದು ಪುಟ್ಟ ಕಣಜ ಕಾಯಿಯ ತುದಿಯ ಕಿರಿದಾದ ಬಾಯಿಯಿಂದ ಒಳಗೆ ನುಗ್ಗಿ, ಪರಾಗ ಹಚ್ಚಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದಿನ ತಲೆಮಾರಿನ ಹೆಣ್ಣುಗಳು ಪರಾಗ ಹೊತ್ತು ಹೊರಗೆ ಹಾರುತ್ತವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ರೆನೀ ಬೋರ್ಜಸ್ ಅವರ ತಂಡ ಅತ್ತಿಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಪರಾಗ ಹೊರುವ ಈ ಒಂದು ಕಣಜದ ಜೊತೆ, ಪರಾಗ ಹೊರದೆ ಅದೇ ಕಾಯಿಯನ್ನು ನಂಬಿ ಬದುಕುವ ಇನ್ನೂ ಆರು ಜಾತಿಯ ಕಣಜಗಳಿವೆ. ಅವುಗಳನ್ನು ಹಿಡಿಯೋಕೆ ಇರುವೆಗಳು ಬರುತ್ತವೆ. ಹಣ್ಣಿಗೆ ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ರಾತ್ರಿ ಬಾವಲಿ. ಜಗತ್ತಿನಲ್ಲಿ ಅತ್ತಿ, ಆಲದ ಕುಲದ ಹಣ್ಣು ತಿನ್ನುವ ಹಕ್ಕಿ ಮತ್ತು ಸಸ್ತನಿಗಳೇ 1200ಕ್ಕೂ ಹೆಚ್ಚು ಜಾತಿ ಇವೆ.

ಇಂಥ ಜಾಲವನ್ನು ಯಾರೂ ಡಿಸೈನ್ ಮಾಡಿಲ್ಲ. ಹಾಗಾದ್ರೆ ಹೇಗೆ ಬೆಳೀತು? 1999ರಲ್ಲಿ ಬರಾಬಾಸಿ ಮತ್ತು ಆಲ್ಬರ್ಟ್ ಒಂದು ಮಾಡೆಲ್ ಕೊಟ್ಟರು: ಹೊಸ ನೋಡ್, ಈಗಾಗಲೇ ಹೆಚ್ಚು ಲಿಂಕ್ ಇರುವ ನೋಡ್‌ಗೇ ಅಂಟಿಕೊಳ್ಳುವ ಸಾಧ್ಯತೆ ಜಾಸ್ತಿ. ಹಬ್‌ಗಳು ಹುಟ್ಟೋದು ಹೀಗೆ. ಆದರೆ ಕಾಡಿನಲ್ಲಿ ಯಾರು ಬೇಕಾದರೂ ಯಾರ ಜೊತೆ ಬೇಕಾದರೂ ಕನೆಕ್ಟ್ ಆಗೋಕೆ ಆಗಲ್ಲ. 2003ರಲ್ಲಿ ಜೋರ್ಡಾನೊ, ಬಾಸ್ಕೊಂಪ್ಟೆ, ಓಲೆಸನ್ ಎಂಬ ಮೂವರು ಗಿಡ-ಪ್ರಾಣಿ ಜಾಲಗಳನ್ನು ಹೋಲಿಸಿ ಇದನ್ನೇ ತೋರಿಸಿದರು. ಅವರು ಇದಕ್ಕೆ ಕೊಟ್ಟ ಹೆಸರು 'ನಿಷಿದ್ಧ ಲಿಂಕ್'. ಪಶ್ಚಿಮಘಟ್ಟದ ರಾಮಪತ್ರೆಯ ದಪ್ಪ ಬೀಜವನ್ನು ಮಂಗಟ್ಟೆ ನುಂಗಬಲ್ಲದು, ಪಿಕಳಾರದ ಗಂಟಲಲ್ಲಿ ಇಳಿಯಲ್ಲ. ಹೂ ಬಿಡುವ ತಿಂಗಳು ಮತ್ತು ಕೀಟ ಹಾರುವ ತಿಂಗಳು ಬೇರೆಯಾದರೂ ಲಿಂಕ್ ಇಲ್ಲ. ಅಳತೆ, ಸಮಯ, ಜಾಗ ಮೂರೂ ಹೊಂದಬೇಕು. ಅತ್ತಿ ಹಬ್ ಆಗಿದ್ದು ಅದಕ್ಕೇ: ಹಣ್ಣು ಮೆತ್ತಗಿದೆ, ಬೀಜ ಚಿಕ್ಕದು, ಸಣ್ಣ ಕೊಕ್ಕಿಗೂ ಸಿಗುತ್ತೆ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲೂ ಎಲ್ಲೋ ಒಂದು ಅತ್ತಿ ಹಣ್ಣು ಬಿಟ್ಟಿರುತ್ತೆ.

ಇನ್ನೊಂದು ವಿಷಯ. ಹೊರಬಂದ ಹೆಣ್ಣು ಕಣಜದ ಆಯಸ್ಸು ಒಂದೆರಡು ದಿನ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಮಾಗೋದರಿಂದ, ಅದು ಹೂ ತಯಾರಿರುವ ಬೇರೆ ಅತ್ತಿ ಮರವನ್ನೇ ಹುಡುಕಿ ಹೋಗಬೇಕು. ಅಂದರೆ ನಮ್ಮ ಮರ ನಮ್ಮದು ಮಾತ್ರ ಅಲ್ಲ. ಊರಿನ ಬೇರೆ ಅತ್ತಿಗಳಿಗೂ ಅದು ಒಂದು ಸ್ಟೇಷನ್. ಇಲ್ಲಿ ಕಡಿದರೆ ಲಿಂಕ್ ತುಂಡಾಗೋದು ಕಾಂಪೌಂಡಿನ ಆಚೆಗೂ.

ಬದಲಿಗೆ ಏನು ನೆಡ್ತೀವಿ? ಹೆಚ್ಚಾಗಿ ನೋಡೋಕೆ ಚೆಂದ ಇರೋದು. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಹೂ ಬಿಟ್ಟಾಗ ಫೋಟೊಗೆ ಚೆನ್ನಾಗಿದೆ, ಆದರೆ ಅದರ ಗಟ್ಟಿ ಕಾಯಿಯಲ್ಲಿ ಕುಟ್ರುಹಕ್ಕಿಗೆ ತಿನ್ನೋಕೆ ಏನಿದೆ? ಅತ್ತಿ ಸಸಿಯನ್ನೇ ನೆಟ್ಟರೂ ಅದು ಕಾಯಿ ಬಿಡೋಕೆ ವರ್ಷಗಳು ಬೇಕು. ಅಷ್ಟರಲ್ಲಿ ನಾವು ಪಾಸಾಗಿ ಹೋಗಿರ್ತೀವಿ. ಹಕ್ಕಿ ಎಲ್ಲಿಗೆ ಹೋಗಬೇಕು?

ಹಣ್ಣು ಬಿದ್ದು ಗಾಡಿ ಗಲೀಜಾಗುತ್ತೆ, ನೊಣ ಬರುತ್ತೆ ಅನ್ನೋ ದೂರು ನಿಜ. ಅದಕ್ಕೆ ಮರದ ಕೆಳಗೆ ಗಾಡಿ ನಿಲ್ಲಿಸದಿದ್ದರೆ ಸಾಕು. ಸಿವಿಲ್ ಡಿಪಾರ್ಟ್‌ಮೆಂಟಿನ ಗೆಳೆಯರು ಮನಸ್ಸು ಮಾಡಿದರೆ ಮರ ಬಿಟ್ಟು ಪಾರ್ಕಿಂಗ್ ಪ್ಲಾನ್ ಹಾಕೋದು ಒಂದು ಮಿನಿ ಪ್ರಾಜೆಕ್ಟ್ ಅಷ್ಟೇ. ಉಳಿದ ನಾವು ಒಂದು ವಾರ, ಬೆಳಗ್ಗೆ ಮತ್ತು ಸಂಜೆ ಅರ್ಧ ಗಂಟೆ ಆ ಮರದ ಹತ್ತಿರ ನಿಂತು ಯಾರ್ಯಾರು ಬರ್ತಾರೆ ಅಂತ ಬರೆದಿಡೋಣ. ತೀರ್ಮಾನ ಮಾಡುವವರ ಮುಂದೆ ಹತ್ತು ಸಸಿಯ ಲೆಕ್ಕದ ಪಕ್ಕದಲ್ಲಿ ಈ ಪಟ್ಟಿಯೂ ಇರಲಿ.