ಒಂದೂವರೆ ಮಿಲಿಮೀಟರಿನ ಲೆಕ್ಕ

ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ಒಂಬತ್ತು ಅಡಿಯ ಪಂದ್ಯದ ಟೇಬಲ್ಲಿನಲ್ಲಿ ಮೂಲೆಯ ಪಾಕೆಟ್ಟಿನ ಬಾಯಿ ಸುಮಾರು 114 ಮಿ.ಮೀ., ಅಂದರೆ ಎರಡು ಚೆಂಡುಗಳ ಅಗಲ. ನೋಡುವವರಿಗೆ ಇದು ಧಾರಾಳವೆನಿಸುತ್ತದೆ. ಬಿಳಿ ಚೆಂಡು ಬಣ್ಣದ ಚೆಂಡನ್ನು ತಾಗುವ ಜಾಗದಲ್ಲಿ ನಿಂತು ಲೆಕ್ಕ ಹಾಕಿದರೆ ಆ ಧಾರಾಳದಲ್ಲಿ ಉಳಿಯುವುದು ಬಹಳ ಸ್ವಲ್ಪ.

ಎರಡು ಚೆಂಡು ತಾಗಿದ ಕ್ಷಣದಲ್ಲಿ ಅವುಗಳ ಕೇಂದ್ರಗಳನ್ನು ಸೇರಿಸುವ ಗೆರೆ ಯಾವ ಕಡೆಗಿರುತ್ತದೋ ಬಣ್ಣದ ಚೆಂಡು ಆ ಕಡೆಗೇ ಹೋಗುತ್ತದೆ. ಗುರಿಯ ವಿಧಾನಗಳೆಲ್ಲ ಹುಟ್ಟಿದ್ದು ಇದರಿಂದಲೇ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಘೋಸ್ಟ್ ಬಾಲ್. ಪಾಕೆಟ್ಟಿನಿಂದ ಬಣ್ಣದ ಚೆಂಡಿನ ನಡುವಿನ ಮೂಲಕ ಒಂದು ಗೆರೆ ಎಳೆದು, ಅದೇ ಗೆರೆಯ ಮೇಲೆ ಬಣ್ಣದ ಚೆಂಡಿನ ಬೆನ್ನಿಗೆ ತಾಗಿಕೊಂಡು ಇನ್ನೊಂದು ಚೆಂಡು ಇದೆಯೆಂದು ಕಲ್ಪಿಸಿಕೊಳ್ಳಬೇಕು. ಬಿಳಿ ಚೆಂಡು ಬಂದು ಸೇರಬೇಕಾದದ್ದು ಆ ಜಾಗಕ್ಕೆ.

ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ತಾಗಬೇಕಾದ ಬಿಂದುವನ್ನು ಸರಿಯಾಗಿ ಗುರುತಿಸುತ್ತಾರೆ, ಆದರೆ ಬಿಳಿ ಚೆಂಡಿನ ನಡುವನ್ನು ಆ ಬಿಂದುವಿಗೇ ಗುರಿಯಿಡುತ್ತಾರೆ. ಬಿಳಿ ಚೆಂಡು ತಾಗುವುದು ತನ್ನ ನಡುವಿನಿಂದಲ್ಲ, ಪಕ್ಕದಿಂದ. ಹಾಗಾಗಿ 30 ಡಿಗ್ರಿ ಕಟ್ (ಬಿಳಿ ಚೆಂಡು ಬಂದ ದಾರಿಗೂ ಬಣ್ಣದ ಚೆಂಡು ಹೋಗುವ ದಾರಿಗೂ ನಡುವಿನ ಕೋನ) ಬೇಕಿದ್ದ ಕಡೆ ಸಿಗುವುದು ಸುಮಾರು 14.5 ಡಿಗ್ರಿ ಮಾತ್ರ. ಹೊಡೆತ ದಪ್ಪವಾಗಿ, ಅಂದರೆ ಬಣ್ಣದ ಚೆಂಡಿನ ಬೇಕಾದದ್ದಕ್ಕಿಂತ ಹೆಚ್ಚು ಭಾಗಕ್ಕೆ ತಾಗಿ, ಚೆಂಡು ಪಾಕೆಟ್ಟಿಗೆ ಮೊದಲೇ ಕುಶನ್‌ಗೆ ಬಡಿಯುತ್ತದೆ.

ಇನ್ನೊಂದು ವಿಧಾನದಲ್ಲಿ ಚೆಂಡಿನ ಎಷ್ಟು ಭಾಗ ಮರೆಯಾಗಬೇಕು ಎಂಬುದನ್ನು ನೋಡಲಾಗುತ್ತದೆ. ಬಿಳಿ ಚೆಂಡಿನ ನಡುವನ್ನು ಬಣ್ಣದ ಚೆಂಡಿನ ಅಂಚಿಗೆ ನೇರ ಮಾಡಿದರೆ ಅರ್ಧ ಚೆಂಡಿನ ಹೊಡೆತ, 30 ಡಿಗ್ರಿ. ಮುಕ್ಕಾಲು ಭಾಗಕ್ಕೆ 14.5 ಡಿಗ್ರಿ, ಕಾಲು ಭಾಗಕ್ಕೆ 48.6 ಡಿಗ್ರಿ. ಅಂಚು ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗುರುತಾದ್ದರಿಂದ ಅರ್ಧ ಚೆಂಡಿನ ಹೊಡೆತವನ್ನು ಮೊದಲು ಕೈಗೆ ಹತ್ತಿಸಿಕೊಳ್ಳುವುದು ಒಳ್ಳೆಯದು. ಉಳಿದ ಕೋನಗಳನ್ನು ಅದಕ್ಕಿಂತ ದಪ್ಪ, ಅದಕ್ಕಿಂತ ತೆಳು ಎಂದು ಅಳೆದುಕೊಳ್ಳಬಹುದು. ಅರ್ಧಕ್ಕೂ ಕಾಲಿಗೂ ನಡುವೆ 18 ಡಿಗ್ರಿಗೂ ಹೆಚ್ಚಿನ ಅಂತರವಿದೆ. ಅದನ್ನು ತುಂಬಬೇಕಾದದ್ದು ಅಭ್ಯಾಸವೇ.

ಇನ್ನು ತಪ್ಪಿಗೆ ಎಷ್ಟು ಅವಕಾಶವಿದೆ ಎಂಬ ಪ್ರಶ್ನೆ. ಪಾಕೆಟ್ಟಿನ ಬಾಯಿಗೆ ನೇರವಾಗಿ ಬರುವ ಚೆಂಡಿನ ಕೇಂದ್ರ ನಡುಗೆರೆಯಿಂದ ಆಚೀಚೆ ಹೆಚ್ಚೆಂದರೆ 28.5 ಮಿ.ಮೀ. ಸರಿಯಬಹುದು. ಬಣ್ಣದ ಚೆಂಡು ಪಾಕೆಟ್ಟಿನಿಂದ ಒಂದು ಮೀಟರ್ ದೂರದಲ್ಲಿದ್ದರೆ ಇದು 1.6 ಡಿಗ್ರಿಗೆ ಸಮ. ನೇರ ಹೊಡೆತದಲ್ಲಿ ಅಷ್ಟು ಕೋನ ತಪ್ಪಲು ಬಿಳಿ ಚೆಂಡು ತನ್ನ ದಾರಿಯಿಂದ 1.6 ಮಿ.ಮೀ. ಪಕ್ಕಕ್ಕೆ ಸರಿದರೆ ಸಾಕು. ಬಣ್ಣದ ಚೆಂಡು ಎರಡು ಮೀಟರ್ ದೂರವಿದ್ದರೆ ಉಳಿಯುವುದು 0.8 ಮಿ.ಮೀ. ಕಟ್ ಹೆಚ್ಚಿದಂತೆ ಅವಕಾಶ ಇನ್ನೂ ಕುಗ್ಗುತ್ತದೆ. 60 ಡಿಗ್ರಿಯಲ್ಲಿ ಅದು ನೇರ ಹೊಡೆತದ ಅರ್ಧಕ್ಕೆ ಇಳಿಯುತ್ತದೆ. ತೆಳು ಕಟ್‌ಗಳು ಅನುಭವಿಗಳಿಗೂ ತಪ್ಪುವುದು ಇದಕ್ಕೇ.

ಬಿಳಿ ಚೆಂಡಿನ ದೂರವನ್ನೂ ಸೇರಿಸಿಕೊಂಡರೆ ಚಿತ್ರ ಪೂರ್ತಿಯಾಗುತ್ತದೆ. ಬಿಳಿ ಚೆಂಡು ಒಂದು ಮೀಟರ್ ಹಿಂದಿದ್ದರೆ 1.6 ಮಿ.ಮೀ. ಎಂದರೆ ಕ್ಯೂ ಕೋಲಿನ ದಿಕ್ಕಿನಲ್ಲಿ ಒಂದು ಡಿಗ್ರಿಯ ಹತ್ತನೇ ಒಂದಕ್ಕೂ ಕಡಿಮೆ. ಎರಡೂ ದೂರಗಳು ಒಂದನ್ನೊಂದು ಗುಣಿಸಿಕೊಂಡು ತಪ್ಪನ್ನು ಹಿಗ್ಗಿಸುವುದರಿಂದ, ಬಿಳಿ ಚೆಂಡಿಗೂ ಪಾಕೆಟ್ಟಿಗೂ ಸರಿಯಾಗಿ ನಡುವೆ ಬಣ್ಣದ ಚೆಂಡು ನಿಂತಾಗ ನೇರ ಹೊಡೆತ ಅತಿ ಕಠಿಣವಾಗುತ್ತದೆ. ಒಟ್ಟು ಎರಡು ಮೀಟರಿನ ಹೊಡೆತದಲ್ಲಿ ಬಣ್ಣದ ಚೆಂಡು ಬಿಳಿ ಚೆಂಡಿಗೆ ಕಾಲು ಮೀಟರ್ ಹತ್ತಿರವಿದ್ದರೂ, ಪಾಕೆಟ್ಟಿಗೆ ಕಾಲು ಮೀಟರ್ ಹತ್ತಿರವಿದ್ದರೂ, ಕೋಲಿನ ದಿಕ್ಕಿಗೆ ಸಿಗುವ ಅವಕಾಶ ನಡುವೆ ಇದ್ದಾಗಿನದರ ಎರಡು ಪಟ್ಟಿಗಿಂತ ಹೆಚ್ಚು. ಇಷ್ಟು ಸೂಕ್ಷ್ಮವಾದ ತಪ್ಪನ್ನು ಯಾವ ಗುರಿಯ ವಿಧಾನವೂ ಪೂರ್ತಿ ತಡೆಯಲಾರದು. ಪ್ರತಿ ಹೊಡೆತದಲ್ಲೂ ಬಿಳಿ ಚೆಂಡನ್ನು ಮುಂದಿನ ಚೆಂಡಿನ ಹತ್ತಿರಕ್ಕೆ, ಕಡಿಮೆ ಕಟ್ ಬರುವಂತೆ ತಂದು ನಿಲ್ಲಿಸುವವನೇ ಹೆಚ್ಚು ಚೆಂಡು ಹಾಕುತ್ತಾನೆ.

ಮೇಲಿನ ಲೆಕ್ಕ ಚೆಂಡುಗಳ ನಡುವಿನ ಘರ್ಷಣೆಯನ್ನು ಬಿಟ್ಟು ಹಾಕಿದ್ದು. ಕಟ್ ಹೊಡೆತದಲ್ಲಿ ಬಿಳಿ ಚೆಂಡಿನ ಮೈ ಬಣ್ಣದ ಚೆಂಡಿನ ಮೈಯನ್ನು ಉಜ್ಜಿ ಅದನ್ನು ತನ್ನ ದಾರಿಯ ಕಡೆಗೆ ಸ್ವಲ್ಪ ಎಳೆಯುತ್ತದೆ. ಆಟಗಾರರು ಇದನ್ನು ಥ್ರೋ ಎನ್ನುತ್ತಾರೆ. ಅರ್ಧ ಚೆಂಡಿನ ಆಸುಪಾಸಿನ ನಿಧಾನದ ಹೊಡೆತದಲ್ಲಿ, ಅದರಲ್ಲೂ ಬಿಳಿ ಚೆಂಡು ಉರುಳದೆ ಜಾರುತ್ತ ಬಂದು ತಾಗಿದಾಗ, ಇದು ಕೆಲವು ಡಿಗ್ರಿಗಳಷ್ಟಾಗಬಹುದು. 1.6 ಡಿಗ್ರಿಯ ಅವಕಾಶವನ್ನು ನುಂಗಲು ಅಷ್ಟು ಸಾಕು. ಆದ್ದರಿಂದ ಇಂಥ ಹೊಡೆತವನ್ನು ಕಣ್ಣಿಗೆ ಕಂಡದ್ದಕ್ಕಿಂತ ಒಂದಿಷ್ಟು ತೆಳುವಾಗಿ ಆಡಬೇಕು. ಜೋರಾಗಿ ಹೊಡೆದರೆ ಥ್ರೋ ಕಡಿಮೆಯಾಗುತ್ತದೆ ನಿಜ, ಆದರೆ ಪಾಕೆಟ್ಟಿನ ದವಡೆಗೆ ತಾಗಿದ ಚೆಂಡು ಆಚೀಚೆ ಬಡಿದು ಹೊರಗೆ ಬರುತ್ತದೆ. ಹದವಾದ ವೇಗದಲ್ಲಿ ಬಂದ ಚೆಂಡು ಅದೇ ದವಡೆಗೆ ತಾಗಿಯೂ ಒಳಗೆ ಬೀಳುತ್ತದೆ. ಎರಡನ್ನೂ ತೂಗಿ ನೋಡಿದರೆ ಕಲಿಯುವವರಿಗೆ ಹದವಾದ ವೇಗ, ಬಿಳಿ ಚೆಂಡಿನ ನಡುವಿಗೆ ಹೊಡೆತ, ಇದೇ ಸರಿ. ಪಕ್ಕದ ಸ್ಪಿನ್ ಕೊಟ್ಟರೆ ಬಿಳಿ ಚೆಂಡೇ ಗುರಿಯ ಗೆರೆ ಬಿಟ್ಟು ಸರಿಯುತ್ತದೆ, ಅದನ್ನು ಆಮೇಲೆ ಕಲಿಯಬಹುದು. ಚಾಕ್ ಪುಡಿ, ಕೈಯ ಕೊಳೆ ಅಂಟಿದ ಚೆಂಡುಗಳಲ್ಲಿ ಥ್ರೋ ಹೆಚ್ಚು. ಆಟಕ್ಕೆ ಮೊದಲು ಚೆಂಡುಗಳನ್ನು ಒಮ್ಮೆ ಚೆನ್ನಾಗಿ ಒರೆಸಿಕೊಳ್ಳಿ.