550 ಎಂಬ ಹಳೆಯ ಸಂಖ್ಯೆಗೆ ಬಳ್ಳಾರಿ ಏಕೆ ಸಾಲ ಮಾಡಬೇಕು?

ಮೊಟ್ಟೆ ಕೋಳಿಗೆ ಪಂಜರದಲ್ಲಿ ತಲಾ 550 ಚದರ ಸೆಂಟಿಮೀಟರ್ ಜಾಗ ಕೊಡಬೇಕೆಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ನಿಯಮ ಹೊರಡಿಸಿತು. ಹಳೆಯ ಫಾರಂಗಳಿಗೆ 2030ರ ಗಡುವು ಕೊಟ್ಟಿತು. ಗಡುವು ಹತ್ತಿರವಾದಂತೆ ಎರಡು ರಾಗಗಳು ಜೋರಾಗುತ್ತಿವೆ. ಕೋಳಿಗೆ ಕೊನೆಗೂ ನ್ಯಾಯ ಸಿಕ್ಕಿತು ಎನ್ನುವವರು ಕೆಲವರು, ಮೊಟ್ಟೆ ಇನ್ನು ಬಡವರ ಕೈಗೆ ಎಟುಕುವುದಿಲ್ಲ ಎನ್ನುವವರು ಕೆಲವರು. 550 ಎಂಬ ಸಂಖ್ಯೆಯ ಪೂರ್ವೇತಿಹಾಸವನ್ನು ಇಬ್ಬರೂ ನೋಡಿಲ್ಲ. ನೋಡಿದ್ದರೆ ಚರ್ಚೆಯ ದಾರಿಯೇ ಬೇರೆಯಾಗುತ್ತಿತ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದ ಫಾರಂ ಮಾಲೀಕರು 550ರ ಪಂಜರಕ್ಕೆಂದು ಒಂದು ರೂಪಾಯಿಯನ್ನೂ ಸಾಲ ಮಾಡಬಾರದು. ಸರ್ಕಾರ ಅವರಿಂದ ಮಾಡಿಸಲೂ ಬಾರದು. ಆ ಸಾಲದಿಂದ ಕೋಳಿಗೆ ನೆಮ್ಮದಿ ಸಿಗುವುದಿಲ್ಲ, ರೈತನಿಗೆ ಭದ್ರತೆಯೂ ಸಿಗುವುದಿಲ್ಲ.

ಯುರೋಪಿನ ಕಡತ ತೆರೆದು ನೋಡಿ. 1980ರ ದಶಕದಲ್ಲಿ ಅಲ್ಲಿ ಕೋಳಿಯೊಂದಕ್ಕೆ 450 ಚದರ ಸೆಂಟಿಮೀಟರ್ ಎಂದು ಗೊತ್ತುಮಾಡಿದರು. ಅಷ್ಟು ಸಾಲದೆಂದು ಗೊತ್ತಾದ ಮೇಲೆ 1999ರಲ್ಲಿ ಹೊಸ ನಿರ್ದೇಶನ ಬಂತು. ಬರೀ ತಂತಿಯ ಹೊಸ ಪಂಜರಗಳನ್ನು 2003ರ ಜನವರಿಯಿಂದ ಕಟ್ಟುವಂತಿಲ್ಲ ಎಂದು ಅದು ಹೇಳಿತು. ಅದಾಗಲೇ ಇದ್ದ ಪಂಜರಗಳು ಮುಂದಿನ ಒಂಬತ್ತು ವರ್ಷ ಉಳಿಯಬಹುದು, ಆದರೆ ಆ ಅವಧಿಯಲ್ಲಿ ಕೋಳಿಗೆ ಕನಿಷ್ಠ 550 ಇರಬೇಕು ಎಂದಿತು. 2012ರ ಜನವರಿ 1ರಿಂದ ಅವೆಲ್ಲ ನಿಷಿದ್ಧವಾದವು. ಅಂದರೆ 550 ಎಂಬುದು ಕೋಳಿಗೆ ಎಷ್ಟು ಜಾಗ ಬೇಕೆಂದು ಅಳೆದು ಕೊಟ್ಟ ಉತ್ತರವಲ್ಲ. ಗುಜರಿಗೆ ಹೋಗಲಿರುವ ಪಂಜರಕ್ಕೆ ಕೊಟ್ಟ ತಾತ್ಕಾಲಿಕ ರಿಯಾಯಿತಿ ಅದು. ಯುರೋಪು 2012ರಲ್ಲಿ ಕಿತ್ತುಹಾಕಿದ ಅಳತೆಯನ್ನು ನಾವು 2030ಕ್ಕೆ ಗುರಿಯಾಗಿ ಇಟ್ಟುಕೊಂಡಿದ್ದೇವೆ.

ಅಲ್ಲಿಯ ಕಥೆ 2012ಕ್ಕೆ ಮುಗಿಯಲಿಲ್ಲ. ಅದರ ಮುಂದಿನ ಭಾಗವೇ ನಮ್ಮ ರೈತರಿಗೆ ಮುಖ್ಯ. ಹಳೆಯ ಪಂಜರ ಹೋದ ಜಾಗಕ್ಕೆ ‘ಸುಧಾರಿತ’ ಪಂಜರ ಬಂತು: ತಲಾ 750 ಚದರ ಸೆಂಟಿಮೀಟರ್, ಮೊಟ್ಟೆ ಇಡಲು ಮರೆಯ ಗೂಡು, ಕೂರಲು ಅಡ್ಡಕೋಲು, ಕೆದರಲು ಒಂದಿಷ್ಟು ಹಾಸು. ಸಾವಿರಾರು ರೈತರು ಸಾಲ ಮಾಡಿ ಅದನ್ನು ಹಾಕಿಸಿದರು. ಆಸ್ಟ್ರಿಯಾ ಅದನ್ನೂ 2020ಕ್ಕೆ ಮುಗಿಸಿತು. ಜರ್ಮನಿ 2025ರ ಗಡುವು ಹಾಕಿತು, ವಿಶೇಷ ಸಂದರ್ಭಗಳಿಗೆ ಮಾತ್ರ 2028ರವರೆಗೆ ವಿನಾಯಿತಿ ಕೊಟ್ಟಿತು. ಹದಿನಾಲ್ಕು ಲಕ್ಷ ಜನ ಸಹಿ ಹಾಕಿದ ಮನವಿಗೆ ಉತ್ತರವಾಗಿ, ಪಂಜರಗಳನ್ನೇ ಕೈಬಿಡುವ ಪ್ರಸ್ತಾವ ತರುತ್ತೇವೆಂದು ಯುರೋಪಿಯನ್ ಕಮಿಷನ್ 2021ರಲ್ಲಿ ಮಾತು ಕೊಟ್ಟಿತು. ಆ ಪ್ರಸ್ತಾವ ಹೇಳಿದ ಸಮಯಕ್ಕೆ ಬರಲಿಲ್ಲ, ನಿಜ. ಆದರೆ ಗಾಳಿ ಎತ್ತ ಬೀಸುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಅರ್ಧ ಸುಧಾರಣೆಯನ್ನು ನಂಬಿದ ರೈತ ಎರಡು ಸಲ ಸಾಲ ತೀರಿಸಬೇಕಾಯಿತು. ಪಂಜರ ಒಮ್ಮೆ ಹಾಕಿಸಿದರೆ ಹದಿನೈದು–ಇಪ್ಪತ್ತು ವರ್ಷ ಬಾಳುವ ಸರಕು. 2029ರಲ್ಲಿ ಕುರುಗೋಡಿನ ರೈತ 550ರ ಪಂಜರ ಹಾಕಿಸಿದರೆ 2045ರವರೆಗೂ ಕಾನೂನು ಹೀಗೇ ಇರುತ್ತದೆ ಎಂದು ಅವನಿಗೆ ಬರೆದುಕೊಡುವವರು ಯಾರು?

ಇನ್ನು ಕೋಳಿಯ ಲೆಕ್ಕ. ನಮ್ಮ ಶೆಡ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಪಂಜರ 18 ಇಂಚು ಅಗಲ, 15 ಇಂಚು ಆಳ. ಅಂದರೆ ಸುಮಾರು 1,742 ಚದರ ಸೆಂಟಿಮೀಟರ್. ಅದರಲ್ಲಿ ನಾಲ್ಕು ಕೋಳಿ ಬಿಟ್ಟರೆ ತಲಾ 435, ಐದು ಬಿಟ್ಟರೆ 348. ಮೂರೇ ಬಿಟ್ಟರೆ 580, ಹೊಸ ನಿಯಮದ ಜಾಗದ ಲೆಕ್ಕ ಚುಕ್ತಾ. ಹಾಗಾದರೆ ಆ ಮೂರು ಕೋಳಿಗಳು ಏನು ಮಾಡಬಲ್ಲವು? ಮರಿಯನ್ ಡಾಕಿನ್ಸ್ ಮತ್ತು ಸಿಲ್ವಿಯಾ ಹಾರ್ಡಿ ಎಂಬ ಸಂಶೋಧಕರು 1989ರಲ್ಲಿ ಕೋಳಿಯ ಒಂದೊಂದು ಚಲನೆಗೆ ಎಷ್ಟು ನೆಲ ಬೇಕೆಂದು ಅಳೆದರು. ಸುಮ್ಮನೆ ನಿಲ್ಲಲು ಸುಮಾರು 475 ಚದರ ಸೆಂಟಿಮೀಟರ್ ಬೇಕು. ರೆಕ್ಕೆ ಚಾಚಲು 893, ಸುತ್ತ ತಿರುಗಲು 1,272, ರೆಕ್ಕೆ ಬಡಿಯಲು 1,876. ‘ಜಾಗ ಹಂಚಿಕೊಳ್ಳುತ್ತವಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹಂಚಿಯೇ ನೋಡೋಣ. ಎರಡು ಕೋಳಿ ಅಲುಗಾಡದೆ ನಿಂತರೆ 950 ಹೋಯಿತು. ಮೂರನೆಯದಕ್ಕೆ ಉಳಿದದ್ದು 792. ರೆಕ್ಕೆ ಚಾಚಲು ಅಷ್ಟೂ ಸಾಲದು. ಅಳೆದದ್ದು ಕಂದು ತಳಿಯ ದಪ್ಪ ಕೋಳಿಗಳನ್ನು, ನಮ್ಮವು ಹಗುರ ಮೈಯ ಬಿಳಿ ಲೆಗಾರ್ನ್ ಮೂಲದವು ಎಂಬ ಆಕ್ಷೇಪ ಸರಿಯಾದದ್ದೇ. ಆದ್ದರಿಂದ ಪ್ರತಿ ಅಳತೆಯಲ್ಲೂ ಕಾಲು ಭಾಗ ಕಡಿಮೆ ಮಾಡಿ. ಆಗಲೂ ಸುತ್ತ ತಿರುಗಲು 954 ಬೇಕು, ಹಂಚಿಕೊಂಡ ಮೇಲೂ ಅದು ಕಷ್ಟದಿಂದ ಮಾತ್ರ ಸಿಗುತ್ತದೆ. ರೆಕ್ಕೆ ಬಡಿಯಲು 1,407 ಬೇಕು, ಅದು ಸಿಗುವುದೇ ಇಲ್ಲ. ತಿರುಗುವುದು, ಮಲಗುವುದು, ಏಳುವುದು, ಮೈ ತೀಡಿಕೊಳ್ಳುವುದು, ಅಂಗ ಚಾಚುವುದು ಯಾವ ಸಾಕುಪ್ರಾಣಿಗೂ ಇರಬೇಕಾದ ಕನಿಷ್ಠ ಸ್ವಾತಂತ್ರ್ಯ ಎಂದು ಬ್ರಿಟನ್ನಿನ ಬ್ರಾಂಬೆಲ್ ಸಮಿತಿ ಹೇಳಿದ್ದು 1965ರಲ್ಲಿ. ನಮ್ಮ ಸಂಸತ್ತು ಅದಕ್ಕೂ ಮೊದಲೇ ಎಚ್ಚರವಾಗಿತ್ತು. ಪ್ರಾಣಿಯ ಚಲನೆಗೆ ಸಾಕಷ್ಟು ಅವಕಾಶವಿಲ್ಲದ ಪಂಜರದಲ್ಲಿ ಅದನ್ನು ಇಡುವುದು ಅಪರಾಧ ಎಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಈ ಬಗೆಯ ಪಂಜರಗಳು ಆ ಸೆಕ್ಷನ್‌ಗೆ ವಿರುದ್ಧ, 2017ರೊಳಗೆ ತೆಗೆಯಿಸಿ ಎಂದು ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ 2012ರಲ್ಲೇ ಸಲಹೆ ಕಳಿಸಿತ್ತು. ಕಾನೂನು ಇತ್ತು, ಸಲಹೆ ಇತ್ತು, ಪಂಜರ ಅಲ್ಲಾಡಲಿಲ್ಲ. ಮೊದಲ ಅಪರಾಧಕ್ಕೆ ₹10ರಿಂದ ₹50 ದಂಡ ಎಂದಿದ್ದರೆ ಅಲ್ಲಾಡುವುದಾದರೂ ಏಕೆ?

ಬಳ್ಳಾರಿಯ ಮಟ್ಟಿಗೆ ಇನ್ನೂ ಒಂದು ಸಂಖ್ಯೆ ಸೇರಿಸಬೇಕು: 41. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿಯ ಗಾಳಿ 40 ದಾಟುತ್ತದೆ. ಸುತ್ತಲಿನ ಗಾಳಿ ಮೈಯಷ್ಟೇ ಬಿಸಿಯಾದಾಗ ಮೈ ತಣಿಯುವುದು ಹೇಗೆ? ಕೋಳಿಗೆ ಬೆವರಿಲ್ಲ. ಬಿಸಿಲು ಏರುವಾಗ ಅದು ಮೊದಲು ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಪುಕ್ಕವಿಲ್ಲದ ಕಂಕುಳಿಗೆ ಗಾಳಿ ತಗಲಿಸಿಕೊಳ್ಳುತ್ತದೆ. ಒಂದಕ್ಕೊಂದು ಅಂಟಿ ನಿಂತ ಪಂಜರದಲ್ಲಿ ಆ ದಾರಿ ಮುಚ್ಚಿಹೋಗಿದೆ. ಉಳಿದದ್ದು ಏದುಸಿರು ಒಂದೇ. ಕುರುಗೋಡು ಕಡೆಯ ಯಾವುದಾದರೂ ಶೆಡ್ಡಿಗೆ ಮೇ ತಿಂಗಳ ಮಧ್ಯಾಹ್ನ ಹೋಗಿ ನೋಡಿ. ಬದಿಗೆ ಒದ್ದೆ ಗೋಣಿತಾಟು ಕಟ್ಟಿರುತ್ತಾರೆ, ಫಾಗರ್ ಓಡುತ್ತಿರುತ್ತದೆ, ಮೇಲೆ ಶೀಟು ಕಾದಿರುತ್ತದೆ. ಸಾಲು ಸಾಲು ಕೋಳಿಗಳು ಕೊಕ್ಕು ತೆರೆದು, ಕೊರಳು ಅದುರಿಸುತ್ತಾ ಉಸಿರೆಳೆಯುತ್ತಿರುತ್ತವೆ. ತಂತಿಗೆ ತಿಕ್ಕಿ ತಿಕ್ಕಿ ಕತ್ತಿನ ಪುಕ್ಕ ಸವೆದು ಕೆಂಪು ಚರ್ಮ ಕಾಣುತ್ತಿರುತ್ತದೆ. ಅಷ್ಟು ಜೋರಾಗಿ ಉಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕೈಕೊಡುತ್ತದೆ. ಬೇಸಿಗೆಯಲ್ಲಿ ಟ್ರೇಗಳಲ್ಲಿ ತೆಳು ಚಿಪ್ಪಿನ, ಒಡಕು ಮೊಟ್ಟೆ ಹೆಚ್ಚುವುದಕ್ಕೆ ಇದೂ ಕಾರಣ. ಕೋಳಿಯ ಸಂಕಟ, ಮಾಲೀಕನ ನಷ್ಟ ಇಲ್ಲಿ ಒಂದೇ. ತಂಪು ದೇಶದವರು ತಮ್ಮ ಹವೆಗೆ ಗೊತ್ತುಮಾಡಿ, ಅಲ್ಲಿಯೂ ಸಾಲದೆಂದು ಬಿಟ್ಟ ಅಳತೆ ಬಳ್ಳಾರಿಯ ಬಿಸಿಲಿಗೆ ಸಾಕಾಗುವುದಾದರೂ ಹೇಗೆ?

ಬೆಲೆಯ ವಾದಕ್ಕೆ ಬರೋಣ. ಮೊಟ್ಟೆಯ ಉತ್ಪಾದನಾ ವೆಚ್ಚದಲ್ಲಿ ಸುಮಾರು ಮೂರನೇ ಎರಡು ಪಾಲು ಮೇವಿನದು: ಮೆಕ್ಕೆಜೋಳ, ಸೋಯಾ ಹಿಂಡಿ, ತೌಡು, ನುಚ್ಚು. ಪಂಜರದಲ್ಲಿ ಒಂದು ಕೋಳಿ ಕಡಿಮೆಯಾದರೆ ಉಳಿದವುಗಳ ಮೇವಿನ ಖರ್ಚು ಏರುವುದಿಲ್ಲ. ಏರುವುದು ಶೆಡ್ಡು, ಪಂಜರದ ಪಾಲು ಮಾತ್ರ. ನಾಲ್ಕರ ಜಾಗದಲ್ಲಿ ಮೂರು ಎಂದರೆ ಆ ಪಾಲು ಮೂರನೇ ಒಂದರಷ್ಟು ಹೆಚ್ಚುತ್ತದೆ. ಇಡೀ ಮೊಟ್ಟೆಯ ಬೆಲೆ ಮೂರನೇ ಒಂದರಷ್ಟು ಹೆಚ್ಚುವುದಿಲ್ಲ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ ಪ್ರಕಟಿಸುವ ಹೊಸಪೇಟೆ ದರವನ್ನು ಒಂದು ವರ್ಷ ಗಮನಿಸಿ. ಶ್ರಾವಣದಲ್ಲಿ ಇಳಿದು ಚಳಿಗಾಲದಲ್ಲಿ ಏರುವ ಅದರ ಏರಿಳಿತವನ್ನು ಗಿರಾಕಿ ಸಹಿಸಿಕೊಂಡೇ ಬಂದಿದ್ದಾನೆ. ಯುರೋಪಿನಲ್ಲಿ 2012ರ ಆರಂಭದಲ್ಲಿ ಮೊಟ್ಟೆ ದರ ಜಿಗಿದದ್ದು ನಿಜ. ಆದರೆ ಹನ್ನೆರಡು ವರ್ಷ ಸಮಯವಿದ್ದೂ ಹದಿಮೂರು ದೇಶಗಳು ಕೊನೆ ಗಳಿಗೆಯವರೆಗೆ ಕೈಕಟ್ಟಿ ಕೂತು ನೋಟಿಸ್ ಪಡೆದಿದ್ದವು. ಅಲ್ಲಿಂದ ಕಲಿಯಬೇಕಾದ ಪಾಠ ಬೇಗ ಶುರುಮಾಡಿ ಎಂಬುದು.

ಪಂಜರವಿಲ್ಲದ ಸಾಕಣೆ ಸುಲಭ ಎಂದು ನಾನು ಹೇಳುವುದಿಲ್ಲ. ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ, ಜಂತು ಬಾಧೆ ಇರುತ್ತದೆ, ಹಾಸು ಒದ್ದೆಯಾದರೆ ಅಮೋನಿಯಾ ಕಣ್ಣು ಉರಿಸುತ್ತದೆ, ಮೊಟ್ಟೆ ಆಯಲು ಆಳು ಹೆಚ್ಚು ಬೇಕು. ಅನುಭವವಿಲ್ಲದೆ ಇಳಿದವರು ಕೋಳಿ ಕಳೆದುಕೊಳ್ಳುತ್ತಾರೆ. ಆದರೆ 16 ದೇಶಗಳ 6,040 ಹಿಂಡುಗಳ ಮಾಹಿತಿ ಸೇರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ, ಪಂಜರವಿಲ್ಲದ ಶೆಡ್‌ಗಳಲ್ಲಿ ಸಾವಿನ ಪ್ರಮಾಣ ಅನುಭವ ಬಲಿತಂತೆ ವರ್ಷದಿಂದ ವರ್ಷಕ್ಕೆ ತಗ್ಗಿದೆ ಎಂದು ತೋರಿಸಿತು. ಹಾಗಿದ್ದರೆ ಅನುಭವ ಗಳಿಸುವ ಕೆಲಸ ಇಂದೇ ಶುರುವಾಗಬೇಕು. ಹಕ್ಕಿಜ್ವರದ ಭಯ ಹೇಳುವವರಿಗೂ ಉತ್ತರವಿದೆ. ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ 2025ರಲ್ಲಿ ರೋಗ ಕಂಡ ಮೇಲೆ ಆ ಭಯ ಸಹಜ. ಆದರೆ ಪಂಜರ ತೆಗೆಯುವುದೆಂದರೆ ಕೋಳಿಗಳನ್ನು ಬಯಲಿಗೆ ಬಿಡುವುದಲ್ಲ. ಮುಚ್ಚಿದ ಶೆಡ್ಡಿನೊಳಗೇ ಹಾಸು, ಅಡ್ಡಕೋಲು, ಗೂಡು ಕೊಡುವುದು.

ಈ ವಿಷಯದಲ್ಲಿ ಬಳ್ಳಾರಿಗೆ ಇರುವ ಅನುಕೂಲ ಬೇರೆ ಕಡೆ ಸಿಗುವುದು ಕಷ್ಟ. ಹಾಸಿಗೆ ಬೇಕಾದದ್ದು ಭತ್ತದ ಹೊಟ್ಟು. ತುಂಗಭದ್ರೆಯ ನೀರಿನ ಸಿರುಗುಪ್ಪದಲ್ಲಿ ರೈಸ್ ಮಿಲ್ಲುಗಳ ಹಿಂದೆ ಅದು ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ. ಕೋಳಿಗಳು ತಿಂಗಳುಗಟ್ಟಲೆ ಕೆದರಿದ ಅದೇ ಹೊಟ್ಟು ಗೊಬ್ಬರವಾಗಿ ಮತ್ತೆ ಗದ್ದೆಗೆ ಹೋಗುತ್ತದೆ. ನಮ್ಮ ದೇಶದ ಕೋಳಿ ಸಾಕಣೆ ಪಂಜರಕ್ಕೆ ಹೊರಳುವ ಮೊದಲು ನಡೆದದ್ದೇ ಹೀಗೆ.

ಹಣ ಎಲ್ಲಿಂದ? ರಾಜ್ಯದ ಅತಿದೊಡ್ಡ ಮೊಟ್ಟೆ ಗಿರಾಕಿಗಳಲ್ಲಿ ಸರ್ಕಾರವೂ ಒಂದು. ಅಪೌಷ್ಟಿಕತೆಯ ಕಾರಣಕ್ಕೆ ಶಾಲಾ ಮೊಟ್ಟೆ 2021ರ ಡಿಸೆಂಬರಿನಲ್ಲಿ ಮೊದಲು ಬಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಇತ್ತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ಸುಮಾರು 55 ಲಕ್ಷ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುವ ಯೋಜನೆ ನಡೆದಿದೆ. ಯೋಜನೆ ಶುರುವಾದಾಗ ಮೊಟ್ಟೆಯೊಂದಕ್ಕೆ ₹6 ನಿಗದಿಯಾಗಿತ್ತು: ಕೊಳ್ಳಲು ₹5.20, ಇಂಧನಕ್ಕೆ 50 ಪೈಸೆ, ಸಿಪ್ಪೆ ಸುಲಿಯಲು 30 ಪೈಸೆ. ಪೇಟೆ ದರ ಏರಿದಾಗ ಮುಖ್ಯಶಿಕ್ಷಕರು ಕೈಯಿಂದ ಹಣ ಹಾಕಿಕೊಂಡದ್ದು ಸುದ್ದಿಯಾಗಿದೆ. ಹೀಗೆ ದರ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ನಿಯಮ ಹಿಡಿದು ನಿಂತರೆ ರೈತ ನಂಬುವುದಿಲ್ಲ. ಮಗುವಿನ ತಟ್ಟೆಗೆ ಬರುವ ಮೊಟ್ಟೆ ಅಗ್ಗವಾಗಿರಬೇಕು ಎಂಬುದು ನ್ಯಾಯವೇ. ಅದರ ಭಾರವನ್ನು ಸರ್ಕಾರ ಹೊರಬೇಕು, ಕೋಳಿಯ ಮೈ ಹೊರಬಾರದು.

ಮಾಡಬೇಕಾದದ್ದು ಮೂರು. ಒಂದು, ಇರುವ ಪಂಜರಗಳಲ್ಲಿ ಕೋಳಿ ಸಂಖ್ಯೆಯನ್ನು ಈ ಬೇಸಿಗೆಯಿಂದಲೇ ಇಳಿಸುವುದು. ಹೊಸ ಬ್ಯಾಚ್ ಬಿಡುವಾಗ ಐದರ, ನಾಲ್ಕರ ಬದಲು ಮೂರು ಬಿಡಲು ಯಾವ ಕಬ್ಬಿಣವನ್ನೂ ಕೊಳ್ಳಬೇಕಿಲ್ಲ. ಎರಡು, 550ರ ಹೊಸ ಪಂಜರಕ್ಕೆ ಸಬ್ಸಿಡಿಯಾಗಲಿ, ಬಡ್ಡಿ ರಿಯಾಯಿತಿಯಾಗಲಿ ಕೊಡದೆ, ಹಾಸು–ಗೂಡು–ಅಡ್ಡಕೋಲು ಇರುವ ಶೆಡ್ಡಿಗೆ ಮಾತ್ರ ಕೊಡುವುದು. ಮೂರು, ಅಂಥ ಶೆಡ್ಡಿನ ಮೊಟ್ಟೆಯನ್ನು ಪಶುಪಾಲನಾ ಇಲಾಖೆ ದೃಢೀಕರಿಸಿ, ಬಳ್ಳಾರಿ ಜಿಲ್ಲೆಯ ಶಾಲೆಗಳಿಗೆ ಪೇಟೆ ದರಕ್ಕಿಂತ 50 ಪೈಸೆ ಹೆಚ್ಚು ಕೊಟ್ಟು ಕೊಳ್ಳುವುದು. ಖಚಿತ ಗಿರಾಕಿ ಸಿಕ್ಕರೆ ರೈತ ತಾನಾಗಿಯೇ ಬದಲಾಗುತ್ತಾನೆ, ಬ್ಯಾಂಕೂ ಧೈರ್ಯ ಮಾಡುತ್ತದೆ. 2030ರ ಗಡುವನ್ನು ಮುಂದೂಡುವ ಮಾತು ಬೇಡ, 550ಕ್ಕೆ ತೃಪ್ತಿಪಡುವ ಮಾತೂ ಬೇಡ. ಪರರು ಎರಡು ಸಲ ತೆತ್ತ ಬೆಲೆಯನ್ನು ಕಣ್ಣಾರೆ ಕಂಡ ಮೇಲೂ ಅದೇ ದಾರಿಯಲ್ಲಿ ನಮ್ಮ ರೈತರನ್ನು ನಡೆಸಿದರೆ ಆ ನಷ್ಟಕ್ಕೆ ಹೊಣೆ ನಿಯಮ ಬರೆದವರದು, ಅದನ್ನು ಪ್ರಶ್ನಿಸದೆ ಜಾರಿಗೆ ತಂದವರದು.