ಕರ್ಮವೆಂದರೆ ಹಣೆಬರಹವಲ್ಲ

ನಮ್ಮ ಮನೆಮಾತಿನಲ್ಲಿ ಎರಡು ಶಬ್ದಗಳು ತಮ್ಮ ಮೂಲ ಬೆಲೆಯನ್ನು ಕಳೆದುಕೊಂಡಿವೆ. ಒಂದು ‘ಕರ್ಮ’, ಇನ್ನೊಂದು ‘ಜ್ಞಾನೋದಯ’. ಬಸ್ಸು ತಪ್ಪಿದರೆ ‘ನನ್ನ ಕರ್ಮ’ ಎನ್ನುತ್ತೇವೆ; ತಡವಾಗಿ ಬುದ್ಧಿ ಬಂದವನನ್ನು ‘ಈಗ ಜ್ಞಾನೋದಯವಾಯಿತೇ?’ ಎಂದು ಹಂಗಿಸುತ್ತೇವೆ. ತಮಾಷೆಗೆ ಆಡಿದರೆ ಇದರಿಂದ ಯಾರಿಗೂ ನಷ್ಟವಿಲ್ಲ. ನೊಂದವರ ಮುಂದೆ ಆಡಿದಾಗ ಮಾತ್ರ ‘ಕರ್ಮ’ವೆಂಬ ಮಾತು ಕಲ್ಲಿನಂತೆ ಬೀಳುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ರವೀಂದ್ರನಗರದ ನಮ್ಮ ಮನೆಗೆ ಬಂದಿದ್ದಾಗ ಆಕೆ ಹೇಳಿದಳು: “ಹಿಂದಿನ ಜನ್ಮದ ಕರ್ಮ, ಅನುಭವಿಸಲೇಬೇಕು ಅನ್ನುತ್ತಾರೆ ನಮ್ಮವರು. ಬುದ್ಧನೂ ಹೀಗೆಯೇ ಹೇಳಿದ್ದಾನಂತೆ. ಹೌದೇ ಮೇಷ್ಟ್ರೇ?” ಆಕೆಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ, ಏಕೆಂದರೆ ಹಾಗೆ ಮಾತನಾಡುವ ಬಂಧುಗಳು ನಮ್ಮೆಲ್ಲರ ಮನೆಗಳಲ್ಲಿಯೂ ಇದ್ದಾರೆ.

ಪಾಲಿ ಗ್ರಂಥಗಳಲ್ಲಿ ಬುದ್ಧನು ಕರ್ಮಕ್ಕೆ ಕೊಡುವ ಅರ್ಥ ಬಹು ಸರಳ: ಸಂಕಲ್ಪವೇ ಕರ್ಮ. ಮನಸ್ಸಿನಲ್ಲಿ ಸಂಕಲ್ಪಿಸಿ ಕಾಯಾ, ವಾಚಾ, ಮನಸಾ ನಾವು ಮಾಡುವುದು ಕರ್ಮ. ನಮಗೆ ಒದಗಿಬಂದದ್ದು ಕರ್ಮವಲ್ಲ. ನಾವಾದರೋ ಮಾಡುವುದನ್ನು ಮರೆತು, ಒದಗಿದ್ದಕ್ಕೆಲ್ಲ ಆ ಹೆಸರಿಟ್ಟಿದ್ದೇವೆ.

ಅನುಭವಿಸುವ ಸುಖದುಃಖಗಳೆಲ್ಲ ಪೂರ್ವಕರ್ಮದ ಫಲವೆಂಬ ವಾದವು ಬುದ್ಧನ ಕಾಲದಲ್ಲಿಯೂ ಇತ್ತು. ಅಂಗುತ್ತರ ನಿಕಾಯದಲ್ಲಿ ಆತ ಅದನ್ನು ನೇರವಾಗಿ ತಳ್ಳಿಹಾಕುತ್ತಾನೆ. ಅದು ನಿಜವಾದರೆ ಕೊಲೆಗಡುಕನೂ ಪೂರ್ವಕರ್ಮದಿಂದಲೇ ಕೊಲ್ಲುತ್ತಾನೆ ಎನ್ನಬೇಕಾಗುತ್ತದೆ. ಆಗ ‘ಇದನ್ನು ಮಾಡಬೇಕು, ಇದನ್ನು ಮಾಡಬಾರದು’ ಎಂಬ ಪ್ರಯತ್ನಕ್ಕೆ ಎಡೆಯೇ ಉಳಿಯದು ಎಂಬುದು ಆತನ ತರ್ಕ. ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕನು ಇದೇ ಪ್ರಶ್ನೆಯನ್ನು ಕೇಳಿದಾಗ ಬುದ್ಧನು ವೇದನೆಗೆ 8 ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಈ ಮೂರರ ಸನ್ನಿಪಾತ, ಋತುಗಳ ವ್ಯತ್ಯಾಸ, ದೇಹದ ವಿಷಯದಲ್ಲಿ ಅಜಾಗ್ರತೆ, ಹೊರಗಿನ ಆಘಾತ, ಎಂಟನೆಯದು ಕರ್ಮವಿಪಾಕ. ಎಂಟರಲ್ಲಿ ಅದು ಒಂದು ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು.

ಆದರೆ ಬುದ್ಧನು ಪೂರ್ವಜನ್ಮದ ಕರ್ಮವನ್ನು ಒಪ್ಪಲೇ ಇಲ್ಲವೆಂದು ಹೇಳಿದರೆ ಅದೂ ಸರಿಯಾಗದು. ಅಲ್ಪಾಯುಷ್ಯ, ರೋಗ, ಬಡತನಗಳನ್ನು ಹಿಂದಿನ ಕೃತ್ಯಗಳೊಡನೆ ಜೋಡಿಸುವ ಸುತ್ತವೊಂದು ಮಜ್ಝಿಮ ನಿಕಾಯದಲ್ಲಿದೆ. ಜೊತೆಗೆ ಇನ್ನೊಂದು ಎಚ್ಚರಿಕೆಯೂ ಇದೆ: ಕರ್ಮವಿಪಾಕವು ‘ಅಚಿಂತ್ಯ’, ಅದರ ಲೆಕ್ಕ ಬಿಡಿಸಲು ಹೊರಟವನಿಗೆ ಬುದ್ಧಿಭ್ರಮಣೆಯೇ ಗತಿ. ಹೀಗಿರುವಾಗ, ಕಾಫಿ ಕುಡಿಯುತ್ತ ಕುಳಿತು ಎಳೆಯ ಮಗುವಿನ ಹಿಂದಿನ ಜನ್ಮದ ತೀರ್ಪು ಬರೆಯುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಕರ್ಮಸಿದ್ಧಾಂತವು ನನ್ನ ನಡತೆಯನ್ನು ನಾನು ತಿದ್ದಿಕೊಳ್ಳಲು ಇರುವ ಕನ್ನಡಿ; ಪರರ ಸಂಕಟವನ್ನು ಅಳೆಯುವ ಕೊಳಗವಲ್ಲ.

‘ಜ್ಞಾನೋದಯ’ದ ವಿಷಯದಲ್ಲಿಯೂ ಇಂಥದೇ ತಪ್ಪು ಕಲ್ಪನೆಯಿದೆ. ಬೋಧಿವೃಕ್ಷದ ಕೆಳಗೆ ಮಿಂಚು ಹೊಳೆದಂತಾಗಿ ಬುದ್ಧನು ಸಕಲ ದುಃಖಗಳಿಂದಾಚೆ ಹೊರಟುಹೋದನೆಂದು ಹಲವರು ತಿಳಿದಿದ್ದಾರೆ. ಬೋಧಿ ಎಂದರೆ ಎಚ್ಚರ. ನಿರ್ವಾಣವೆಂದರೆ ರಾಗ, ದ್ವೇಷ, ಮೋಹಗಳ ಬೆಂಕಿ ನಂದುವುದು. ಸಂಪ್ರದಾಯದ ಪ್ರಕಾರ 35ನೆಯ ವಯಸ್ಸಿನಲ್ಲಿ ಎಚ್ಚೆತ್ತ ಆತ ಇನ್ನೂ 45 ವರ್ಷ ಊರೂರು ನಡೆದು ಬೋಧಿಸಿದ. ಬೆನ್ನುನೋವು ಬಂದಾಗ ಉಪದೇಶವನ್ನು ಶಿಷ್ಯನಿಗೆ ಒಪ್ಪಿಸಿ ಮಲಗಿದ ಪ್ರಸಂಗವೂ ಗ್ರಂಥಗಳಲ್ಲಿದೆ. ಎಚ್ಚೆತ್ತವನಿಗೂ ದೇಹದ ನೋವು ತಪ್ಪಲಿಲ್ಲ. ಎಚ್ಚೆತ್ತ ಮೇಲೆ ಆತ ಜನರಿಂದ ದೂರವಾಗಲೂ ಇಲ್ಲ.

ಇದೆಲ್ಲ ದೂರದ ಮಗಧದ ಮಾತೆಂದು ಭಾವಿಸಬೇಕಾಗಿಲ್ಲ. ನಮ್ಮ ಜಿಲ್ಲೆಯ ಬಳ್ಳಿಗಾವಿಯಲ್ಲಿ 11ನೆಯ ಶತಮಾನದಲ್ಲಿ ಬೌದ್ಧ ವಿಹಾರವಿದ್ದುದನ್ನು ಶಾಸನಗಳು ಹೇಳುತ್ತವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದ ಅಶೋಕನ ಬಂಡೆಶಾಸನವು ನನಗೆ ಬಹು ಪ್ರಿಯವಾದುದು. ಉನ್ನತ ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಶೀಲನಾದ ಸಣ್ಣವನಿಗೂ ಅದು ಸಾಧ್ಯ ಎಂಬುದು ಅದರ ಸಾರ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ, ಗುರುಗೌರವಗಳನ್ನೂ ಅದು ವಿಧಿಸುತ್ತದೆ. ಹಣೆಬರಹವೆಂದು ಕೈಕಟ್ಟಿ ಕುಳಿತವನಿಗೆ ಆ ಬಂಡೆಯಲ್ಲಿ ಸಮಾಧಾನ ದೊರೆಯದು.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಒಂದು ವಿನಂತಿ. ಕಷ್ಟದಲ್ಲಿರುವವರ ಮನೆಗೆ ಹೋದಾಗ ಅವರ ಕರ್ಮವನ್ನು ಹುಡುಕಬೇಡಿ. ಮಗುವನ್ನು ಒಳ್ಳೆಯ ವೈದ್ಯರಲ್ಲಿಗೆ ಕರೆದೊಯ್ಯಲು ಜೊತೆಗೆ ಹೋಗಿ. ಅದರ ಸನ್ನೆಗಳನ್ನು ನೀವೂ ಕಲಿಯಿರಿ. ತಾಯಿಗೆ ಒಂದು ಗಂಟೆ ಬಿಡುವು ಕೊಡಿ. ಬುದ್ಧನ ಅರ್ಥದಲ್ಲಿ ಕರ್ಮವೆಂದರೆ ಇದೇ. ಆ ಮನೆಯಲ್ಲಿ ನಾವು ಚಿಂತಿಸಬೇಕಾದ ಕರ್ಮ ಮಗುವಿನದಲ್ಲ, ನಮ್ಮದು.